ನಮ್ಮದೇ ಒಂದು ಜಗಲಿ

ಪರಸ್ಥಳದಲ್ಲಿ ನೆಲೆಸಿದ ಕುಟುಂಬಗಳಿಗೆ ಅನ್ನವಸ್ತ್ರಗಳ ನಂತರ ಬೇಕಾದುದು ತಾಯ್ನುಡಿಯಲ್ಲಿ ನಾಲ್ಕು ಮಾತು. ಪುರಸೈವಾಕ್ಕಂನ ನಾವು ಕೆಲವು ಮನೆಯವರು ಗಂಗಾಧರೇಶ್ವರ ದೇವಾಲಯದ ಬಳಿ ಸಂಜೆ ಸೇರಿ ಮಾತನಾಡುವುದಿತ್ತು. ಮಕ್ಕಳು ದೂರದೂರುಗಳಿಗೆ ಹೋದ ಮೇಲೆ ಆ ಮಾತುಕತೆ ಸಾಮಾಜಿಕ ಜಾಲತಾಣಗಳಿಗೆ ಸಾಗಿತು. ಆದರೆ ಪರರ ಜಗಲಿಯಲ್ಲಿ ಕುಳಿತವರು, ಮನೆಯವರು ಬಾಗಿಲು ಹಾಕಿದಾಗ ಏಳಲೇಬೇಕಷ್ಟೆ! ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಆರಂಭವಾದ ‘ಕೂ’ ಸಹ 2024ರ ಜುಲೈಯಲ್ಲಿ ನಿಲ್ಲುವುದಾಗಿ ಸಾರಿತು.

ಆಗ ನಮ್ಮ ಗಮನ ಹೋದುದು ‘ಮಾಸ್ಟೊಡಾನ್’ ಕಡೆಗೆ. ಜರ್ಮನಿಯ ಯೂಜೆನ್ ರಾಚ್ಕೊ ಎಂಬ ತರುಣರು 2016ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ನಡೆಸಬಹುದು. ಇಂತಹ ಸರ್ವರುಗಳು ‘ಆಕ್ಟಿವಿಟಿಪಬ್’ ಎಂಬ ಪದ್ಧತಿಯಂತೆ ಪರಸ್ಪರ ಪತ್ರವ್ಯವಹಾರ ನಡೆಸುತ್ತವೆ. ನಮ್ಮ ಅಂಚೆಮನೆ ಚಿಕ್ಕದಾದರೂ ಕಾಗದ ಜರ್ಮನಿಗೂ ಮುಟ್ಟೀತು. ತಿಂಗಳ ಬಾಡಿಗೆಗೆ ಒಂದು ಯಂತ್ರ ಹಿಡಿದೆವು. ಸರ್ವರಿಗೆ ಒಮ್ಮೆ ಇಟ್ಟ ಹೆಸರನ್ನು ಆಮೇಲೆ ಬದಲಿಸುವಂತಿಲ್ಲವಾದುದರಿಂದ, ನಾಮಕರಣಕ್ಕೇ ಎರಡು ಭಾನುವಾರ ಹಿಡಿಯಿತು!

ಚೆನ್ನೈಯ ಉಡುಪಿ ಹೋಟೆಲುಗಳನ್ನು ಬಲ್ಲವರಿಗೆ ಇದರ ಏರ್ಪಾಟು ಸುಲಭವಾಗಿ ತಿಳಿದೀತು. ಒಳಗೆ ದೋಸೆಯವರು, ಕಾಫಿಯವರು, ಉಗ್ರಾಣದವರು ಬೇರೆ ಬೇರೆ. ಗಿರಾಕಿ ಕಾಣುವುದು ಮಾಣಿಯನ್ನು ಮಾತ್ರ. ಹಾಗೆಯೇ ಇಲ್ಲಿ ಪುಟ ತೋರಿಸುವುದು, ಹೊಸ ಸುದ್ದಿಯನ್ನು ಕೂಡಲೇ ಮುಟ್ಟಿಸುವುದು, ಹಿನ್ನೆಲೆಯ ಚಾಕರಿ, ದಫ್ತರ, ತಾತ್ಕಾಲಿಕ ನೆನಪು ಎಂಬ ಐದು ಕೆಲಸಗಳು ಐದು ಕಂಟೇನರುಗಳಲ್ಲಿ ನಡೆಯುತ್ತವೆ. 2013ರಲ್ಲಿ ಬಂದ ‘ಡಾಕರ್’ ಇವುಗಳನ್ನು ನಿಲ್ಲಿಸಿ ನಡೆಸುತ್ತದೆ. ಮುಂದೆ ನಿಂತ ಮಾಣಿಯೇ ಪ್ರಾಕ್ಸಿ. ಅವನು 443ನೆಯ ಬಾಗಿಲಲ್ಲಿ ಬಂದವರ ಮಾತು ಕೇಳಿ, ಪುಟ ಬೇಕೆಂದರೆ 3000ಕ್ಕೂ ಹೊಸ ಸುದ್ದಿ ಬೇಕೆಂದರೆ 4000ಕ್ಕೂ ಕಳುಹಿಸುತ್ತಾನೆ. ಬಂದವರು ಸುರಕ್ಷಿತ ದಾರಿಯಿಂದಲೇ ಬಂದರೆಂದು ಅವನು ಒಳಗಿನವರಿಗೆ ಹೇಳಲೇಬೇಕು. ನಾವು ಆ ಒಂದು ಸಾಲು ಮರೆತು, ಬಂದವರೆಲ್ಲ ಬಾಗಿಲಲ್ಲೇ ಸುತ್ತುವಂತಾಯಿತು!

ಅದು ನಗುವ ತಪ್ಪು. ಇನ್ನೊಂದು ಹಾಗಲ್ಲ. ಕಂಟೇನರು ಎಂಬುದು ಬಾಳೆಲೆಯಂತೆ. ಊಟವಾದ ಮೇಲೆ ಎಸೆದು ಹೊಸದು ಹಾಕುವುದೇ ಕ್ರಮ. ಉಳಿಯಬೇಕಾದುದನ್ನು ಅದರ ಹೊರಗಿನ ಕಡತಕೋಶದಲ್ಲಿಡಬೇಕು. ದಫ್ತರವನ್ನು ಹಾಗಿಟ್ಟಿದ್ದೆವು, ಚಿತ್ರ ಮತ್ತು ಧ್ವನಿಗಳ ಕೋಶವನ್ನು ಮರೆತಿದ್ದೆವು. ಹೊಸ ಆವೃತ್ತಿ ಹಾಕಿದ ರಾತ್ರಿ ಬರೆದ ಮಾತೆಲ್ಲ ಉಳಿಯಿತು, ಚಿತ್ರಗಳೆಲ್ಲ ಹೋದುವು. ನಂಟರ ಫೋನುಗಳಿಂದ ಬಹಳಷ್ಟನ್ನು ಕೂಡಿಸಿದೆವು. ಆದರೆ ನಮ್ಮ ಬೀದಿಯ ಅಜ್ಜಿಯೊಬ್ಬರು ಹಾಡಿದ್ದ ಹಸೆಯ ಹಾಡು ಸಿಗಲಿಲ್ಲ. ಮೊಮ್ಮಗ ಆ ಫೋನನ್ನು ಮಾರಿಬಿಟ್ಟಿದ್ದ. ಅಜ್ಜಿ ಈಗಿಲ್ಲ. ಆ ಮನೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಅಂದಿನಿಂದ ಪ್ರತಿ ರಾತ್ರಿ ದಫ್ತರದ ನಕಲು, ಚಿತ್ರಗಳ ನಕಲು, ಗುಪ್ತ ಕೀಲಿಗಳ ಕಡತದ ನಕಲು, ಮೂರೂ ಮೈಸೂರಿನ ಒಂದು ಮನೆಗೆ ಹೋಗುತ್ತವೆ. ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ಬಿಚ್ಚಿ ನೋಡುತ್ತೇವೆ. ಬಿಚ್ಚಿ ನೋಡದ ನಕಲನ್ನು ನಂಬುವಂತಿಲ್ಲ. ಪ್ರಾಕ್ಸಿಯ ಪ್ರಮಾಣಪತ್ರದ ಅವಧಿ 90 ದಿನ. ಅದರ ನವೀಕರಣವನ್ನೂ ಒಬ್ಬರು ಗಮನಿಸುತ್ತಾರೆ.

ಯಂತ್ರವೇನೋ ಬಾಡಿಗೆಯದೇ. ಆದರೆ ಸಾಮಾನು ನಮ್ಮದು. ಯಾರಾದರೂ ಹೊರಡಿರೆಂದರೆ ಗಂಟು ಕಟ್ಟಿ ಇನ್ನೊಂದೆಡೆ ಇಳಿಸಬಹುದು. ಮನೆ ಬದಲಿಸುವುದು ನಮಗೇನು ಹೊಸದೆ? ಇಂತಹ ಜಗಲಿ ಕಟ್ಟಲೆಳಸುವ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ: ಕಟ್ಟುವ ಮೊದಲೇ, ದಿನವೂ ಗುಡಿಸುವವರು ಯಾರೆಂಬುದನ್ನು ಗೊತ್ತುಮಾಡಿಕೊಳ್ಳಿರಿ. ಮತ್ತು ಮನೆಯಲ್ಲಿ ಹಿರಿಯರಿದ್ದರೆ, ಅವರ ಹಾಡನ್ನು ಈ ವಾರವೇ ಧ್ವನಿಮುದ್ರಿಸಿ, ಎರಡು ಕಡೆ ಇಡಿರಿ.