ಗಾಲ್ಫ್ ಆಡೋಣ, ಆದರೆ ಪಣ ಬೇಡ

ಗಲ್ಫ್‌ಗೆ ಹೋದ ಬ್ಯಾರಿ ಹುಡುಗ ಗಾಲ್ಫ್ ಆಡ್ತಾನೆ ಅಂದರೆ ಊರಲ್ಲಿ ಇನ್ನೂ ನಗುವವರಿದ್ದಾರೆ. "ಅದು ದೊಡ್ಡವರ ಆಟ, ನಮಗ್ಯಾಕೆ?" ಅನ್ನೋದು ಹಳೆಯ ಮಾತು. ನಮ್ಮ ಜಮಾಅತ್‌ಗಳ ಹುಡುಗರಿಗೆ ಆಟ ಅಂದರೆ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಫುಟ್ಬಾಲ್. ಆದರೆ ದುಬೈ, ಅಬುಧಾಬಿಯ ಕಚೇರಿಗಳಲ್ಲಿ ಕೆಲಸಕ್ಕಿರುವವರಿಗೆ ಒಂದಲ್ಲ ಒಂದು ದಿನ ಗಾಲ್ಫ್ ಮೈದಾನಕ್ಕೆ ಕರೆ ಬರುತ್ತದೆ. ಆಗ ಹೋಗಬೇಕೇ, ಹೋದರೆ ಹೇಗೆ ಆಡಬೇಕು, ಎಲ್ಲಿ ನಿಲ್ಲಬೇಕು? ಇದನ್ನು ನಾವು ಮುಕ್ತವಾಗಿ ಮಾತಾಡಿಕೊಳ್ಳುವುದು ಒಳ್ಳೆಯದು.

ದೊಡ್ಡವರ ಆಟ ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಇತರರ ಚೀಲ ಹೊರುವ ಕ್ಯಾಡಿಯಾಗಿದ್ದವರು. 1991ರಲ್ಲಿ ಗೆದ್ದು, 1993ರಲ್ಲಿ ಮತ್ತೆ ಗೆದ್ದರು. ಬಾಂಗ್ಲಾದೇಶದ ಸಿದ್ದೀಕುರ್ ರಹಮಾನ್ ಢಾಕಾದಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದು, 2010ರಲ್ಲಿ ಬ್ರೂನೈ ಓಪನ್ ಗೆದ್ದರು. ದುಡ್ಡಿದ್ದವರ ಮೈದಾನದಲ್ಲಿ ದುಡ್ಡಿಲ್ಲದವರ ಮಕ್ಕಳೂ ಎದ್ದು ನಿಂತಿದ್ದಾರೆ.

ಸೌಹಾರ್ದ ಪಂದ್ಯ ಅಂದರೆ ಏನು?

ಗಾಲ್ಫ್‌ನಲ್ಲಿ 18 ಕುಳಿಗಳು. ಪ್ರತಿ ಕುಳಿಗೂ ಇಷ್ಟು ಹೊಡೆತ ಅಂತ ಲೆಕ್ಕ ಇದೆ, ಅದೇ ‘ಪಾರ್’. ಸಾಮಾನ್ಯವಾಗಿ ಒಟ್ಟು ಪಾರ್ 72 ಆಸುಪಾಸು. ಹೊಸಬ 72ರಲ್ಲಿ ಮುಗಿಸುವುದು ಕನಸು. 110, 120 ಆದರೂ ನಾಚಿಕೆ ಪಡಬೇಕಾಗಿಲ್ಲ. ಹೊಸಬನೂ ಹಳಬನೂ ಒಟ್ಟಿಗೆ ಆಡಲು ಸಾಧ್ಯವಾಗುವುದು ‘ಹ್ಯಾಂಡಿಕ್ಯಾಪ್’ನಿಂದ. ನಮ್ಮ ಕಡೆ ಓಟದ ಪಂದ್ಯದಲ್ಲಿ ಚಿಕ್ಕ ಮಕ್ಕಳನ್ನು ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸ್ತಾರಲ್ವಾ, ಹಾಗೆಯೇ. ಒಬ್ಬನದು 10, ಇನ್ನೊಬ್ಬನದು 28 ಅಂತಿಟ್ಟುಕೊಳ್ಳಿ. ವ್ಯತ್ಯಾಸ 18. ಅಂದರೆ ಪ್ರತಿ ಕುಳಿಯಲ್ಲೂ ಹೊಸಬನಿಗೆ ಒಂದು ಹೊಡೆತ ರಿಯಾಯಿತಿ. ಹಳಬ 5 ಹೊಡೆದು, ಹೊಸಬ 6 ಹೊಡೆದರೆ ಆ ಕುಳಿ ಸಮ.

2020ರಿಂದ ಜಗತ್ತಿಗೆಲ್ಲಾ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಇದೆ. ಕೊನೆಯ 20 ಆಟಗಳಲ್ಲಿ ಅತಿ ಒಳ್ಳೆಯ 8ರ ಸರಾಸರಿ ತೆಗೆಯುತ್ತಾರೆ. ಗರಿಷ್ಠ ಮಿತಿ 54. ಹಾಗಾಗಿ ಉಪ್ಪ ಮತ್ತು ಮಗ, ಅಣ್ಣ ಮತ್ತು ತಂಗಿ ಒಂದೇ ಪಂದ್ಯದಲ್ಲಿ ನ್ಯಾಯವಾಗಿ ಆಡಬಹುದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ಕ್ಯಾಡಿಯಾಗಿ ಚೀಲ ಹೊತ್ತವರು ಅವರ ತಾಯಿ. ಮನೆಮಂದಿ ಜೊತೆಗಿದ್ದರೆ ಆಟ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಸಬರಿಗೆ ‘ಸ್ಟೇಬಲ್‌ಫೋರ್ಡ್’ ಪದ್ಧತಿ ಹಿತ. ರಿಯಾಯಿತಿ ಕಳೆದ ಮೇಲೆ ಪಾರ್ ಆದರೆ 2 ಅಂಕ, ಒಂದು ಹೆಚ್ಚಾದರೆ 1 ಅಂಕ, ಅದಕ್ಕಿಂತ ಹೆಚ್ಚಾದರೆ ಸೊನ್ನೆ. ಒಂದು ಕುಳಿ ಕೆಟ್ಟರೆ ಚೆಂಡು ಎತ್ತಿಕೊಂಡು ಮುಂದಿನದಕ್ಕೆ ನಡೆಯಬಹುದು. ಹಿಂದೆ ಬರುವವರಿಗೂ ಕಾಯುವ ಕಷ್ಟವಿಲ್ಲ.

ಪಣದ ಪ್ರಶ್ನೆ

ನಮಗೆ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಗೆಳೆಯರ ಗಾಲ್ಫ್ ಅಂದರೆ ಕುಳಿಗೆ ಇಷ್ಟು ದುಡ್ಡು ಅಂತ ಪಣ ಕಟ್ಟುವ ಅಭ್ಯಾಸ ಹಲವು ಕಡೆ ಇದೆ. ಆಟಗಾರರು ತಮ್ಮೊಳಗೆ ಕಟ್ಟುವ ಸಣ್ಣ ಪಣವನ್ನು ಗಾಲ್ಫ್ ನಿಯಮ ತಡೆಯುವುದಿಲ್ಲ. ಆದರೆ ನಮಗೆ ಜೂಜು ಹರಾಮ್, ಮೊತ್ತ ಸಣ್ಣದು ಅನ್ನುವ ನೆಪ ನಡೆಯದು. "ಸೋತವನು ಎಲ್ಲರಿಗೂ ತಿಂಡಿ ಕೊಡಿಸಬೇಕು" ಅನ್ನುವುದೂ ಪಣವೇ ಅಲ್ಲವೇ? ಸಂಶಯವಿದ್ದರೆ ಉಸ್ತಾದರ ಬಳಿ ಕೇಳೋಣ. ಸುಲಭ ದಾರಿ ಎಂದರೆ, ತಿಂಡಿಯ ಖರ್ಚನ್ನು ಆಟಕ್ಕೆ ಮೊದಲೇ ಸಮನಾಗಿ ಹಂಚಿಕೊಳ್ಳುವುದು, ಅಥವಾ ಕರೆದವನೇ ಕೊಡುವುದು.

ಇದನ್ನು ಮೊದಲ ಹೊಡೆತಕ್ಕೆ ಮುಂಚೆ ನಗುಮುಖದಿಂದ ಹೇಳಿಬಿಡಬೇಕು. "ನಾನು ಪಣಕ್ಕೆ ಆಡುವುದಿಲ್ಲ, ಅಂಕಕ್ಕೆ ಆಡ್ತೇನೆ" ಅಂದರೆ ಸಾಕು. ಮೈದಾನದ ಮಧ್ಯೆ ಹೇಳಿದರೆ ಸೋಲುವ ಭಯ ಅಂತ ತಿಳಿದಾರು. ಆಟ ಮುಗಿದ ಮೇಲೆ ಕ್ಲಬ್‌ನ ಬಾರ್‌ಗೆ ಕರೆದರೂ ಅಷ್ಟೇ, ಸಲಾಂ ಹೇಳಿ ಹೊರಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನು ನಮಾಝ್. 18 ಕುಳಿಗೆ ನಾಲ್ಕು ಗಂಟೆಯಾದರೂ ಬೇಕು. ‘ಟೀ ಟೈಂ’ ಅಂದರೆ ಚಹಾದ ಹೊತ್ತಲ್ಲ, ಆಟ ಶುರು ಮಾಡುವ ಸಮಯ. ಸುಬಹಿ ಮುಗಿಸಿ ಹೊರಟರೆ ಬಿಸಿಲು ಏರುವ ಮುಂಚೆ ಆಟ ಮುಗಿಯುತ್ತದೆ, ಲುಹರ್‌ಗೆ ಅವಸರವಿಲ್ಲ. ಮಧ್ಯಾಹ್ನದ ಆಟವಾದರೆ ಅಸರ್, ಕೆಲವೊಮ್ಮೆ ಮಗ್ರಿಬ್ ಕೂಡ ನಡುವೆ ಬರುತ್ತದೆ. ಅಂಥ ದಿನ 9 ಕುಳಿ ಮಾತ್ರ ಆಡುವುದು ಲೇಸು. ಇಲ್ಲವಾದರೆ ಹಿಂದಿನ ತಂಡವನ್ನು ಮುಂದೆ ಬಿಟ್ಟು ನಮಾಝ್ ಮಾಡಿಕೊಳ್ಳಬಹುದು.

ಬೆಳೆಯುವುದು ಹೇಗೆ?

ಹೊಸಬರಿಗೆ ದೂರ ಹೊಡೆಯುವುದೇ ಆಟ ಅನ್ನಿಸುತ್ತದೆ. ಲೆಕ್ಕ ನೋಡಿದರೆ ಬೇರೆಯೇ ಇದೆ. ಪಾರ್ 72ರಲ್ಲಿ ಕುಳಿಗೆ ಎರಡರಂತೆ 36 ಹೊಡೆತ ಹಸಿರು ಗ್ರೀನ್ ಮೇಲಿನ ‘ಪಟ್’ಗೇ ಮೀಸಲು. ಅಂದರೆ ಅರ್ಧ ಆಟ ಮೆಲ್ಲಗೆ ತಳ್ಳುವುದರಲ್ಲಿದೆ. ಅದರ ಅಭ್ಯಾಸಕ್ಕೆ ಮನೆಯ ಕಾರ್ಪೆಟ್ ಸಾಕು, ಖರ್ಚಿಲ್ಲ. ವಾರದ ಅಭ್ಯಾಸದಲ್ಲಿ ಅರ್ಧ ಹೊತ್ತು ಪಟ್ ಮತ್ತು ಗ್ರೀನ್ ಹತ್ತಿರದ ಸಣ್ಣ ಹೊಡೆತಗಳಿಗೆ ಇಡಿ.

ನಿಯಮದಂತೆ ಚೀಲದಲ್ಲಿ 14 ಕೋಲು ಇಡಬಹುದು, ಇಡಲೇಬೇಕು ಅಂತಿಲ್ಲ. ಶುರುವಿಗೆ ಬಳಸಿದ ಐದಾರು ಕೋಲು ಸಾಕು. ದುಬಾರಿ ಸೆಟ್ ಕೊಳ್ಳುವ ದುಡ್ಡಲ್ಲಿ ಒಳ್ಳೆಯ ತರಬೇತುದಾರರ ಬಳಿ ನಾಲ್ಕು ಪಾಠ ಕಲಿಯಿರಿ. ಹಿಡಿತ, ನಿಲುವು, ಗುರಿ ಇವು ಮೊದಲೇ ಸರಿಯಾಗಬೇಕು, ಕೆಟ್ಟ ಅಭ್ಯಾಸ ಬೇರೂರಿದರೆ ಕೀಳುವುದು ಕಷ್ಟ. ರಜೆಗೆ ಊರಿಗೆ ಬಂದವರಿಗೆ ಮಂಗಳೂರಿನ ಪಿಲಿಕುಳದಲ್ಲೂ ಗಾಲ್ಫ್ ಮೈದಾನವಿದೆ.

ಯಾರೂ ನೋಡದ ಹೊಡೆತ

ಸೌಹಾರ್ದ ಗಾಲ್ಫ್‌ನಲ್ಲಿ ಅಂಪೈರ್ ಇರುವುದಿಲ್ಲ. ಪೊದೆಯೊಳಗೆ ಎರಡು ಸಲ ಹೊಡೆದು ಒಂದು ಅಂತ ಬರೆದರೆ ಕೇಳುವವರಿಲ್ಲ. ಜೀವನವಿಡೀ ಹವ್ಯಾಸಿಯಾಗಿಯೇ ಸ್ಪರ್ಧಿಸಿದ ಅಮೆರಿಕದ ಬಾಬಿ ಜೋನ್ಸ್ 1925ರ ಯುಎಸ್ ಓಪನ್‌ನಲ್ಲಿ ತನ್ನ ಚೆಂಡು ತುಸು ಕದಲಿತೆಂದು ತಾನೇ ಹೇಳಿ ದಂಡದ ಹೊಡೆತ ಸೇರಿಸಿಕೊಂಡರು. ಬೇರಾರೂ ಕಂಡಿರಲಿಲ್ಲ. ಕೊನೆಗೆ ಅಂಕ ಸಮವಾಗಿ, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್ ಎದುರು ಸೋತರು. ಆ ಒಂದು ಹೊಡೆತ ಬರೆಯದಿದ್ದರೆ ಪ್ರಶಸ್ತಿ ಅವರದೇ.

ಯಾರು ನೋಡದಿದ್ದರೂ ಅಲ್ಲಾಹು ನೋಡುತ್ತಾನೆ ಅಂತ ಮದ್ರಸದಲ್ಲಿ ಕಲಿತವರು ನಾವು. ತೂಕದ ಕಲ್ಲಿನಲ್ಲಿ ಮೋಸ ಮಾಡಬಾರದೆಂದು ವ್ಯಾಪಾರ ಮಾಡಿಕೊಂಡು ಬಂದ ಸಮುದಾಯ ನಮ್ಮದು. ಸ್ಕೋರ್‌ಕಾರ್ಡ್ ಕೂಡ ಒಂದು ತಕ್ಕಡಿಯೇ. ಹೊಡೆತ ಎಷ್ಟಾಯಿತೋ ಅಷ್ಟನ್ನೇ ಬರೆಯುವವನನ್ನು ಗೆಳೆಯರು ಮುಂದಿನ ವಾರವೂ ಕರೆಯುತ್ತಾರೆ, ಕಚೇರಿಯಲ್ಲೂ ನಂಬುತ್ತಾರೆ.