ಹೂವಿಗೆ ಎಷ್ಟು ನೀರು?

ಬೇಸಗೆಯ ದಿನಗಳಲ್ಲಿ ಹೊಸಪೇಟೆಯ ಬೀದಿಗಳಲ್ಲಿ ನಡೆದಾಡುವವರು ಒಂದು ವೈಚಿತ್ರ್ಯವನ್ನು ಕಾಣಬಹುದು. ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರಿರುತ್ತದೆ. ಬಂಡೆಗಳು ಕಾದ ಹಂಚಿನಂತೆ ಸುಡುತ್ತಿರುತ್ತವೆ. ಅಂತಹ ಹೊತ್ತಿನಲ್ಲಿ, ಯಾರೂ ನೀರೆರೆಯದ ಹಳೆಯ ಗೋಡೆಯೊಂದರ ಮೇಲೆ ಕಾಗದದ ಹೂವಿನ ಬಳ್ಳಿಯು ಎಲೆಯೇ ಕಾಣದಂತೆ ನೇರಳೆಗೆಂಪು ಬಣ್ಣವನ್ನು ಹೊದ್ದು ನಿಂತಿರುತ್ತದೆ. ಎದುರು ಮನೆಯ ಅಂಗಳದಲ್ಲಿ ಅದೇ ಜಾತಿಯ ಬಳ್ಳಿ ದಿನವೂ ನೀರು ಕುಡಿದು, ಗೊಬ್ಬರ ಉಂಡು, ಹಚ್ಚಹಸುರಾಗಿ ಬೆಳೆದಿರುತ್ತದೆ. ಆದರೆ ಅದರಲ್ಲಿ ಹೂವಿಲ್ಲ! ಉಪಚಾರ ಪಡೆದ ಗಿಡ ಬರಿಯ ಎಲೆಯನ್ನು ಕೊಟ್ಟಿತು. ಅನಾಥವಾದುದು ಹೂವನ್ನು ಕೊಟ್ಟಿತು. ಇದೇಕೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಮನೆಯ ಹೂದೋಟದ ಮುಖ್ಯವಾದ ಗುಟ್ಟೊಂದು ನಮಗೆ ತಿಳಿಯುತ್ತದೆ. ಹೂವಿಗೆ ನೀರು ಬೇಕು, ನಿಜ; ಆದರೆ ಹೆಚ್ಚು ನೀರಿನಿಂದ ಹೆಚ್ಚು ಹೂ ಬರುವುದಿಲ್ಲ. ತಕ್ಕ ಮಣ್ಣಿನಲ್ಲಿ, ತಕ್ಕ ಕಾಲದಲ್ಲಿ, ಅಳತೆಯರಿತು ಕೊಟ್ಟ ನೀರೇ ಹೂವಾಗುತ್ತದೆ.

ಹೂವಿನ ಸೀಮೆ, ನೀರಿನ ಸೀಮೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಗೆ ಹೂವು ಹೊಸದಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಇಲ್ಲಿನ ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿಗಳನ್ನು ಮಾರುವರೆಂದೂ, ಜನರು ಅವನ್ನು ಅನ್ನದಷ್ಟೇ ಅವಶ್ಯಕವೆಂದು ಎಣಿಸುವರೆಂದೂ ಬೆರಗಿನಿಂದ ಬರೆದಿದ್ದಾನೆ. ಪಶ್ಚಿಮಕ್ಕಿರುವ ಹಡಗಲಿಯಿಂದ ತುಂಗಭದ್ರೆಯ ಮೂಲಕ ರಾಜಧಾನಿಗೆ ಹೂ ಬರುತ್ತಿದ್ದುದರಿಂದಲೇ ಆ ಊರಿಗೆ ‘ಹೂವಿನ ಹಡಗಲಿ’ ಎಂಬ ಹೆಸರಾಯಿತೆಂದು ಜನ ಹೇಳುತ್ತಾರೆ. ಹಡಗಲಿಯ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ೬೦೦ರಿಂದ ೭೦೦ ಮಿಲಿಮೀಟರು. ಆಗುಂಬೆಯಲ್ಲಿ ಅದರ ಹತ್ತು ಪಟ್ಟಿನಷ್ಟು ಬೀಳುತ್ತದೆ. ಹಾಗಿದ್ದೂ ಇಲ್ಲಿ ತೋಟಗಳು ಬೆಳೆದುದು ಸಹ್ಯಾದ್ರಿಯ ಮಳೆಯನ್ನು ಹೊತ್ತು ತರುವ ತುಂಗಭದ್ರೆಯಿಂದ. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರುತ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ನೀರಾವರಿ ಮತ್ತಷ್ಟು ಹರಡಿತು.

ಆದರೆ ಈ ನೀರು ಅಕ್ಷಯವಾದುದಲ್ಲ. ಆರಂಭದಲ್ಲಿ ಸುಮಾರು ೧೩೩ ಶತಕೋಟಿ ಘನ ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು, ಹೂಳು ತುಂಬಿದ ಕಾರಣ ಈಗ ಸುಮಾರು ೧೦೫ ಶತಕೋಟಿ ಘನ ಅಡಿಯನ್ನಷ್ಟೇ ಹಿಡಿಯುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅದರ ೧೯ನೆಯ ಗೇಟು ಕೊಚ್ಚಿಹೋಗಿ, ಸಂಗ್ರಹವಾಗಿದ್ದ ನೀರಿನ ದೊಡ್ಡ ಪಾಲು ನದಿಗೆ ಹರಿದುಹೋದುದನ್ನು ಇಲ್ಲಿಯ ಜನ ಮರೆತಿಲ್ಲ. ಆದ್ದರಿಂದ ಅಂಗಳದ ಗಿಡಕ್ಕೆ ಒಂದು ಕೊಡ ನೀರೆರೆಯುವಾಗಲೂ ಅದು ಹೂವಾಗುವುದೇ, ವ್ಯರ್ಥವಾಗುವುದೇ ಎಂದು ಯೋಚಿಸಬೇಕಾಗಿದೆ.

ನಾಲ್ಕು ಊರು, ನಾಲ್ಕು ಬಗೆಯ ನೆಲ

ನೀರನ್ನು ಅಳೆಯುವುದಕ್ಕೆ ಮೊದಲು ಮಣ್ಣನ್ನು ಅರಿಯಬೇಕು. ಈ ನಾಲ್ಕು ಊರುಗಳು ನೆರೆಹೊರೆಯವೇ ಆದರೂ ಅವುಗಳ ನೆಲ ಒಂದೇ ಬಗೆಯದಲ್ಲ. ಹಂಪಿಯ ಸುತ್ತ ಹೆಬ್ಬಂಡೆಗಳು ಸಾವಿರಾರು ವರ್ಷಗಳ ಬಿಸಿಲು ಮಳೆಗಳಿಗೆ ಸಿಕ್ಕಿ ಒರಟು ಗರಸಾಗಿ ಉದುರಿವೆ. ಅಂತಹ ನೆಲದಲ್ಲಿ ಎರೆದ ನೀರು ನಿಲ್ಲದೆ ಕೆಳಗಿಳಿಯುತ್ತದೆ. ಸಂಡೂರಿನ ಬೆಟ್ಟಗಳು ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳ ಆಗರ. ಅಲ್ಲಿಯ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನ ಬಣ್ಣ. ಕಂಪ್ಲಿಯ ಕಡೆ ಎರೆಮಣ್ಣು. ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒಮ್ಮೆ ಕುಡಿದ ನೀರನ್ನು ಬಹುಕಾಲ ಬಿಟ್ಟುಕೊಡುವುದಿಲ್ಲ. ಹೊಸಪೇಟೆಯಲ್ಲಂತೂ ಕಾಲುವೆಯ ಬದಿಯ ಮಣ್ಣು ಒಂದು ಬಗೆಯಾದರೆ, ಗುಡ್ಡದ ಬದಿಯ ಮಣ್ಣು ಇನ್ನೊಂದು ಬಗೆ.

ನಿಮ್ಮ ಅಂಗಳದ ಮಣ್ಣು ಯಾವುದೆಂದು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಪಾಲು ಮಣ್ಣನ್ನೂ ಉಳಿದಂತೆ ನೀರನ್ನೂ ತುಂಬಿ, ಚೆನ್ನಾಗಿ ಕುಲುಕಿ ಇಡಿರಿ. ಮರಳು ಒಂದೆರಡು ನಿಮಿಷಗಳಲ್ಲಿ ತಳ ಸೇರುತ್ತದೆ. ನುಣ್ಣನೆಯ ರೇವೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಜೇಡಿಯ ಕಣಗಳು ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತವೆ. ಏಕೆಂದರೆ ಜೇಡಿಯ ಕಣದ ಅಗಲ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣ ಕಣಗಳ ನಡುವಣ ಸಂದುಗಳೂ ಅಷ್ಟೇ ಸಣ್ಣವು. ಅವುಗಳಲ್ಲಿ ಹೊಕ್ಕ ನೀರು ಸುಲಭವಾಗಿ ಕದಲದು.

ಇನ್ನೊಂದು ಪರೀಕ್ಷೆಯೂ ಉಂಟು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ತೋಡಿ ನೀರು ತುಂಬಿರಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿರಿ. ಎರಡನೆಯ ಸಲದ ನೀರು ಒಂದು ದಿನ ಕಳೆದರೂ ನಿಂತಿದ್ದರೆ, ಅಲ್ಲಿ ನೇರವಾಗಿ ಗಿಡ ನೆಡುವುದು ಸಲ್ಲದು. ಒಂದಡಿಯಷ್ಟು ಎತ್ತರದ ಮಡಿಯನ್ನು ಏರಿಸಿ, ಅದರ ಮೇಲೆ ನೆಡಬೇಕು.

ಬೇರೂ ಉಸಿರಾಡುತ್ತದೆ

ನೀರು ನಿಂತರೆ ಗಿಡಕ್ಕೇನು ಕೇಡು? ಬೇರು ಸಜೀವವಾದುದು, ಅದಕ್ಕೂ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿರುವ ಗಾಳಿಯೇ ಅದರ ಉಸಿರು. ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಬೇರು ಉಸಿರುಕಟ್ಟಿ ದುರ್ಬಲವಾಗುತ್ತದೆ, ಆಮೇಲೆ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆಗ ನೀರಿನ ನಡುವೆಯೇ ಗಿಡ ಬಾಯಾರಿ ಎಲೆ ಜೋಲಿಸುತ್ತದೆ. ಇದನ್ನು ಕಂಡ ಮನೆಯವರು ಗಿಡಕ್ಕೆ ನೀರು ಸಾಲದೆಂದು ಭಾವಿಸಿ ಇನ್ನೊಂದು ಕೊಡ ಸುರಿಯುತ್ತಾರೆ! ಅಂಗಳದ ಗಿಡಗಳು ಸಾಯುವುದು ಅನೇಕ ವೇಳೆ ಈ ತಪ್ಪು ತಿಳಿವಳಿಕೆಯಿಂದಲೇ. ಎಲೆ ಜೋತಾಗ ಮೊದಲು ಬೆರಳನ್ನು ಮಣ್ಣಿನಲ್ಲಿ ಎರಡು ಅಂಗುಲ ಇಳಿಸಿ ನೋಡಬೇಕು. ಮಣ್ಣು ತೇವವಾಗಿದ್ದರೆ ಗಿಡಕ್ಕೆ ಬೇಕಾದುದು ನೀರಲ್ಲ, ಗಾಳಿ.

ಅತಿಯಾದ ನೀರಿನ ಮತ್ತೊಂದು ಕೇಡು ಲವಣ. ಕಾಲುವೆಯ ನೀರಿರಲಿ, ಕೊಳವೆ ಬಾವಿಯ ನೀರಿರಲಿ, ಅದರಲ್ಲಿ ಲವಣಗಳು ಕರಗಿಯೇ ಇರುತ್ತವೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ನೆಲದಲ್ಲಿ ಉಳಿಯುತ್ತದೆ. ವರ್ಷಗಳು ಕಳೆದಂತೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಾಣಿಸಿಕೊಳ್ಳುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಗಳು ಹೀಗೆ ಸವಳು-ಜವಳಾಗಿವೆ. ನದಿಯ ಆಚೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸಮಸ್ಯೆಯ ಮೇಲೆ ಸಂಶೋಧನೆ ನಡೆಯುತ್ತಿದೆ. ಹೊಲಕ್ಕಾದುದು ಹೂಕುಂಡಕ್ಕೂ ಆಗುತ್ತದೆ. ತಳದಲ್ಲಿ ತೂತಿಲ್ಲದ ಕುಂಡವೆಂದರೆ ಬಸಿಗಾಲುವೆಯಿಲ್ಲದ ಹೊಲವೇ ಸರಿ.

ಕಬ್ಬಿಣದ ಒಗಟು

ಕಂಪ್ಲಿಯಂತಹ ಎರೆನೆಲದಲ್ಲಿ ಕೇಪಳದ ಗಿಡವನ್ನು ನೆಟ್ಟವರು ಇನ್ನೊಂದು ಬೇನೆಯನ್ನು ಕಾಣುತ್ತಾರೆ. ಎಳೆಯ ಎಲೆಗಳು ಹಳದಿಯಾಗುತ್ತವೆ. ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆಯ ಲಕ್ಷಣ. ಎಲೆಯ ಹಸುರು ದ್ರವ್ಯವಾದ ಪತ್ರಹರಿತ್ತನ್ನು ತಯಾರಿಸಲು ಗಿಡಕ್ಕೆ ಕಬ್ಬಿಣ ಬೇಕು. ಬೇಕಾದುದು ಅತ್ಯಲ್ಪ: ಒಣ ಎಲೆಯ ಹತ್ತು ಲಕ್ಷ ಭಾಗದಲ್ಲಿ ನೂರರ ಆಸುಪಾಸು ಭಾಗ. ಎರೆಮಣ್ಣಿನಲ್ಲಿ ಅದರ ಎಷ್ಟೋ ಪಟ್ಟು ಕಬ್ಬಿಣ ಇದೆ. ಹಾಗಾದರೆ ಕೊರತೆ ಏಕೆ?

ಮಣ್ಣಿನಲ್ಲಿರುವುದು ಬೇರೆ, ಬೇರಿಗೆ ಸಿಗುವುದು ಬೇರೆ. ಗಿಡ ಹೀರಬೇಕಾದರೆ ಕಬ್ಬಿಣವು ನೀರಿನಲ್ಲಿ ಕರಗಬೇಕು. ಸುಣ್ಣದ ಅಂಶವಿರುವ ಕ್ಷಾರ ಮಣ್ಣಿನಲ್ಲಿ ಅದು ಬಹುಮಟ್ಟಿಗೆ ಕರಗುವುದೇ ಇಲ್ಲ. ಅಂತಹ ಮಣ್ಣನ್ನು ಸದಾ ಒದ್ದೆಯಾಗಿಟ್ಟರೆ ಬೇನೆ ಇನ್ನೂ ಹೆಚ್ಚುತ್ತದೆ. ಇಲ್ಲಿಯೂ ಅತಿ ನೀರೇ ಶತ್ರು. ಒಂದು ಲೀಟರು ನೀರಿಗೆ ೫ ಗ್ರಾಮು ಅನ್ನಭೇದಿಯನ್ನೂ ಚಿಟಿಕೆ ನಿಂಬೆಹುಳಿ ಉಪ್ಪನ್ನೂ ಕರಗಿಸಿ, ಸಂಜೆಯ ವೇಳೆ ಎಲೆಗಳ ಮೇಲೆ ಸಿಂಪಡಿಸಿದರೆ ಹಸುರು ಮರಳುತ್ತದೆ. ಆದರೆ ಇದು ತಾತ್ಕಾಲಿಕ ಮದ್ದು. ಕೆಂಪು ಮಣ್ಣು, ಮರಳು, ಎಲೆಗೊಬ್ಬರಗಳನ್ನು ಬೆರೆಸಿ ತುಂಬಿದ ಕುಂಡದಲ್ಲಿ ಕೇಪಳವನ್ನು ಬೆಳೆಸುವುದೇ ಜಾಣತನ.

ಬಾಯಾರಿಕೆಯಿಂದ ಹೂವು

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕಾಗದದ ಹೂವಿನ ಬಳ್ಳಿಯ ತವರು ದಕ್ಷಿಣ ಅಮೆರಿಕ. ೧೭೬೬ರಲ್ಲಿ ಭೂಪ್ರದಕ್ಷಿಣೆಗೆ ಹೊರಟ ಫ್ರೆಂಚ್ ನಾವಿಕ ಬೂಗನ್‌ವಿಲ್ಲನ ಜೊತೆಯಲ್ಲಿದ್ದ ಸಸ್ಯವಿಜ್ಞಾನಿ ಕಾಮರ್ಸನ್ ಇದನ್ನು ಬ್ರೆಜಿಲಿನಲ್ಲಿ ಸಂಗ್ರಹಿಸಿದನು. ನಾವಿಕನ ಹೆಸರೇ ಬಳ್ಳಿಗೆ ಉಳಿಯಿತು. ನಾವು ಹೂದಳಗಳೆಂದು ತಿಳಿದಿರುವ ಬಣ್ಣದ ಹಾಳೆಗಳು ನಿಜವಾಗಿ ಮಾರ್ಪಟ್ಟ ಎಲೆಗಳು. ಅವುಗಳ ನಡುವೆ ಅಡಗಿರುವ ಸಣ್ಣ ಬಿಳಿಯ ಕೊಳವೆಗಳೇ ದಿಟವಾದ ಹೂಗಳು.

ನೀರೂ ಸಾರಜನಕದ ಗೊಬ್ಬರವೂ ಧಾರಾಳವಾಗಿ ಸಿಕ್ಕಿದರೆ, ಬಳ್ಳಿಯು ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಹೊಸ ಕುಡಿಗಳಿಗೂ ಎಲೆಗಳಿಗೂ ವೆಚ್ಚ ಮಾಡುತ್ತ ಹೋಗುತ್ತದೆ. ನೀರನ್ನು ಮಿತಗೊಳಿಸಿದಾಗ ಕುಡಿಯ ಓಟ ನಿಲ್ಲುತ್ತದೆ. ಹೂಮೊಗ್ಗಿಗೆ ಅವಕಾಶ ದೊರೆಯುತ್ತದೆ. ಆದುದರಿಂದ ಬೇರೂರಿದ ಬಳ್ಳಿಗೆ ಎಲೆಗಳು ಸ್ವಲ್ಪ ಬಾಡುವವರೆಗೆ ನೀರು ತಡೆದು, ಬಾಡಿದೊಡನೆ ಒಮ್ಮೆ ತೃಪ್ತಿಯಾಗಿ ಎರೆಯಬೇಕು. ದಿನದಲ್ಲಿ ಐದಾರು ಗಂಟೆಯ ನೇರ ಬಿಸಿಲು ಅಗತ್ಯ. ಎಳೆಯ ಸಸಿಗೆ ಮಾತ್ರ ಈ ಉಪವಾಸ ಸಲ್ಲದು.

ಮಲ್ಲಿಗೆ ಬೆಳೆಗಾರರಿಗೆ ಈ ಮರ್ಮ ಬಹು ಹಿಂದೆಯೇ ತಿಳಿದಿತ್ತು. ದುಂಡುಮಲ್ಲಿಗೆಗೆ ನವೆಂಬರಿನಲ್ಲಿ ನೀರು ನಿಲ್ಲಿಸಿ ವಿಶ್ರಾಂತಿ ಕೊಡುತ್ತಾರೆ. ತಿಂಗಳ ಕೊನೆಯಲ್ಲಿ ಗಿಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನು ತೆಗೆದು, ಪಾತಿಯನ್ನು ಕೆದಕಿ, ಹತ್ತು ಕಿಲೋಗ್ರಾಮಿನಷ್ಟು ಕೊಟ್ಟಿಗೆ ಗೊಬ್ಬರ ಹಾಕಿ ಮತ್ತೆ ನೀರು ಹಾಯಿಸುತ್ತಾರೆ. ಮಲ್ಲಿಗೆ ಅರಳುವುದು ಹೊಸ ಚಿಗುರಿನ ತುದಿಯಲ್ಲಿ. ವಿಶ್ರಾಂತಿಯ ತರುವಾಯ ಚಿಗುರುಗಳು ಒಟ್ಟಿಗೆ ಹೊಮ್ಮುವುದರಿಂದ ಬೇಸಗೆಯ ಮೊದಲಿಗೆ ಗಿಡ ತುಂಬ ಮೊಗ್ಗು ಬರುತ್ತದೆ.

ಯಾವ ನೆಲಕ್ಕೆ ಯಾವ ಗಿಡ?

ಹಂಪಿಯ ಗರಸು ನೆಲಕ್ಕೂ ಸಂಡೂರಿನ ಕೆಂಪು ನೆಲಕ್ಕೂ ಕಾಗದದ ಹೂವು, ಕಣಗಿಲೆ, ಗೋರಂಟೆ, ನಿತ್ಯಪುಷ್ಪಗಳು ಒಗ್ಗುತ್ತವೆ. ಕಣಗಿಲೆಯ ಎಲೆಯ ಅಡಿಭಾಗದಲ್ಲಿ ಸಣ್ಣ ಗುಳಿಗಳಿವೆ. ಉಸಿರಾಟದ ರಂಧ್ರಗಳು ಆ ಗುಳಿಗಳಲ್ಲಿ ನವಿರು ರೋಮಗಳ ಮರೆಯಲ್ಲಿ ಅಡಗಿರುವುದರಿಂದ ಒಣಗಾಳಿಗೆ ನೀರು ಬೇಗ ಆರಿಹೋಗದು. ಆದರೆ ಕಣಗಿಲೆಯ ಸರ್ವಾಂಗವೂ ವಿಷ. ಮಕ್ಕಳೂ ದನಕರುಗಳೂ ಸುಳಿಯುವ ಎಡೆಯಲ್ಲಿ ಅದನ್ನು ನೆಡಬಾರದು. ಎರೆನೆಲದ ಅಂಗಳಗಳಲ್ಲಿ ಏರಿಸಿದ ಮಡಿಗಳ ಮೇಲೆ ದಾಸವಾಳ, ನಂದಿಬಟ್ಟಲು, ಚೆಂಡುಹೂಗಳನ್ನು ಬೆಳೆಸಬಹುದು. ಬೇಲಿಗೆ ಶಂಖಪುಷ್ಪದ ಬಳ್ಳಿ ಹಬ್ಬಿಸಿದರೆ ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಬಳ್ಳಿಗೆ ಒದಗಿಸುತ್ತವೆ. ಚಪ್ಪರಕ್ಕೆ ರಂಗೂನ್ ಮಲ್ಲಿಗೆ ಚೆಂದ. ಮುಸ್ಸಂಜೆ ಬಿಳಿಯದಾಗಿ ಅರಳಿ ಇರುಳಿನ ಪತಂಗಗಳನ್ನು ಕರೆಯುವ ಅದರ ಹೂವು, ಮುಂದಿನ ದಿನಗಳಲ್ಲಿ ನಸುಗೆಂಪಾಗಿ, ಕಡುಗೆಂಪಾಗಿ ಬದಲಾಗುತ್ತದೆ.

ನೀರೆರೆಯುವ ಕ್ರಮ

ಗಿಡ ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಎಲೆಗಳ ಮೂಲಕ ಆವಿಯಾಗಿ ಹೋಗುತ್ತದೆ. ಅದನ್ನು ನಾವು ತಡೆಯಲಾರೆವು. ಆದರೆ ಬರಿಯ ನೆಲದಿಂದ ಆರಿಹೋಗುವುದನ್ನು ತಡೆಯಬಹುದು. ಕಬ್ಬಿನ ರವದಿ, ಶೇಂಗಾ ಸಿಪ್ಪೆ, ತರಗೆಲೆ, ಇವುಗಳಲ್ಲಿ ಯಾವುದನ್ನಾದರೂ ಬುಡದ ಸುತ್ತ ಎರಡು ಅಂಗುಲ ದಪ್ಪವಾಗಿ ಹೊದಿಸಿರಿ, ಕಾಂಡಕ್ಕೆ ತಗಲದಿರಲಿ. ದಿನವೂ ಚಿಮುಕಿಸುವುದಕ್ಕಿಂತ ನಾಲ್ಕಾರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಬೆಳಗಿನ ತಂಪಿನಲ್ಲಿ ಎರೆಯುವುದು ಲೇಸು. ನೀರನ್ನು ಅರಸಿ ಬೇರು ಆಳಕ್ಕೆ ಹೋಗುತ್ತದೆ. ಗರಸು ನೆಲಕ್ಕೆ ಈ ಅಂತರ ಕಡಿಮೆ, ಎರೆನೆಲಕ್ಕೆ ಹೆಚ್ಚು. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಆಗುತ್ತದೆ. ಸಾಬೂನಿನ ನೀರು ಎರೆಮಣ್ಣಿಗೆ ಬೇಡ. ಅದರ ಸೋಡಿಯಂ ಜೇಡಿಯ ಕಣಗಳನ್ನು ಚದರಿಸಿ ಸಂದುಗಳನ್ನು ಮುಚ್ಚಿಬಿಡುತ್ತದೆ.

ವಿದ್ಯಾರ್ಥಿಗಳು ಇವನ್ನೆಲ್ಲ ನಮ್ಮ ಮಾತಿನ ಮೇಲೆಯೇ ನಂಬಬೇಕಾಗಿಲ್ಲ. ಮಳೆಗಾಲದಲ್ಲಿ ಒಂದೇ ತಾಯಿಬಳ್ಳಿಯಿಂದ ಪೆನ್ಸಿಲಿನ ದಪ್ಪದ ಕಡ್ಡಿಗಳನ್ನು ಕತ್ತರಿಸಿ ಆರು ಕುಂಡಗಳಲ್ಲಿ ಬೇರು ಬರಿಸಿರಿ. ಮಣ್ಣು, ಬಿಸಿಲು, ಗೊಬ್ಬರ ಎಲ್ಲಕ್ಕೂ ಒಂದೇ ಸಮನಾಗಿರಲಿ. ಬಳ್ಳಿಗಳು ಬಲಿತ ಮೇಲೆ, ಜನವರಿಯಿಂದ ಮೂರು ಕುಂಡಗಳಿಗೆ ದಿನವೂ ನೀರೆರೆಯಿರಿ. ಉಳಿದ ಮೂರಕ್ಕೆ ಎಲೆ ಬಾಡತೊಡಗಿದಾಗ ಮಾತ್ರ ಎರೆಯಿರಿ. ಎರೆದ ನೀರಿನ ಅಳತೆಯನ್ನೂ, ಹೊಸ ಎಲೆಗಳ ಮತ್ತು ಹೂಗೊಂಚಲುಗಳ ಸಂಖ್ಯೆಯನ್ನೂ ವಾರವಾರವೂ ಬರೆದಿಡಿರಿ. ಬೇಸಗೆಯ ಹೊತ್ತಿಗೆ, ಒಂದು ಹೂಗೊಂಚಲಿಗೆ ಎಷ್ಟು ಲೀಟರು ನೀರು ವೆಚ್ಚವಾಯಿತೆಂಬ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಅಂಗಳದಲ್ಲಿ ಕಲಿತ ಈ ಲೆಕ್ಕ ಅಂಗಳಕ್ಕಷ್ಟೇ ಮೀಸಲಲ್ಲ. ಜಲಾಶಯದ ಹೂಳು ವರ್ಷವರ್ಷವೂ ಏರುತ್ತಿರುವ ಸೀಮೆಯಲ್ಲಿ, ನಾಳೆ ಹೊಲಕ್ಕೂ ಊರಿಗೂ ನೀರನ್ನು ಹಂಚಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಒಂದು ಕುಂಡದ ಅಗತ್ಯವನ್ನು ಅಳೆಯಬಲ್ಲವರು ಒಂದು ಕಾಲುವೆಯ ನೀರನ್ನೂ ಅಳತೆಯರಿತು ಬಳಸಿಯಾರು.