ಕಣ್ಣಿನ ಕೆಂಪು ಹೋದರೆ ಕಾಯಿಲೆ ಹೋಯಿತೇ?



ಮಳೆಗಾಲ ಬಂತೆಂದರೆ ಮುಂಬೈಯ ಲೋಕಲ್ ಗಾಡಿಗಳಲ್ಲಿ ಕಪ್ಪು ಕನ್ನಡಕದವರು ಹೆಚ್ಚುತ್ತಾರೆ. ವಿಚಾರಿಸಿದರೆ 'ಡೋಳೆ ಆಲೇ' ಎನ್ನುತ್ತಾರೆ ಮರಾಠಿಯವರು. ನಮ್ಮವರು 'ಕಣ್ಣು ಬಂದಿದೆ' ಎನ್ನುತ್ತಾರೆ. ಕೆಂಗಣ್ಣು, ಮದ್ರಾಸ್ ಐ ಎಂದೂ ಹೆಸರುಂಟು. 2023ರ ಜುಲೈಯಲ್ಲಿ ಇದು ಮುಂಬೈಯಲ್ಲೂ ಕರ್ನಾಟಕದಲ್ಲೂ ಒಟ್ಟಿಗೇ ಹಬ್ಬಿದ್ದು ನಿಮಗೆ ನೆನಪಿರಬಹುದು.

ಇಂಥ ಹೊತ್ತಿನಲ್ಲಿ ನಾವು ಮಾಡುವುದೇನು? ಬಾಂದ್ರಾ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಅಂಗಡಿಯ ಮುಂದೆ ನಿಂತು, "ಕಣ್ಣಿಗೆ ಏನಾದರೂ ಡ್ರಾಪ್ಸ್ ಕೊಡಿ" ಎನ್ನುತ್ತೇವೆ. ಅಥವಾ ಊರಿನಿಂದ ಬಂದಿದ್ದ ಅತ್ತೆಯವರಿಗೆ ಪೊರೆಯ ಆಪರೇಷನ್ ಆದಾಗ ಉಳಿದಿದ್ದ ಬಾಟಲಿಯನ್ನು ಫ್ರಿಜ್ಜಿನಿಂದ ಹುಡುಕಿ ತೆಗೆಯುತ್ತೇವೆ. ಎರಡು ದಿನದಲ್ಲಿ ಕೆಂಪು ಮಾಯ! "ಒಳ್ಳೇ ಮದ್ದು" ಎಂದು ಪಕ್ಕದ ಮನೆಯವರಿಗೂ ಹೆಸರು ಬರೆದುಕೊಡುತ್ತೇವೆ. ಅಪಾಯ ಇರುವುದು ಇಲ್ಲೇ.

ಒಂದೇ ಬಾಟಲಿಯಲ್ಲಿ ಎರಡು ಮದ್ದು

ಕಣ್ಣಿನ ಡ್ರಾಪ್ಸ್‌ಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಆಂಟಿಬಯಾಟಿಕ್. ಇದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಬೆಳೆಯದಂತೆ ತಡೆಯುತ್ತದೆ. ಮಾಕ್ಸಿಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಟೋಬ್ರಾಮೈಸಿನ್, ಕ್ಲೋರಾಂಫೆನಿಕಾಲ್ ಈ ಜಾತಿಯವು. ಇನ್ನೊಂದು ಸ್ಟಿರಾಯ್ಡ್. ಇದು ಯಾವ ರೋಗಾಣುವನ್ನೂ ಕೊಲ್ಲುವುದಿಲ್ಲ. ಕಣ್ಣಿನ ಉರಿ, ಊತ, ಕೆಂಪನ್ನು ಇಳಿಸುತ್ತದೆ, ಅಷ್ಟೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್ ಇವೆಲ್ಲ ಸ್ಟಿರಾಯ್ಡ್‌ಗಳು.

ಎರಡನ್ನೂ ಬೆರೆಸಿದ ಬಾಟಲಿಗಳೂ ಅಂಗಡಿಯಲ್ಲಿ ಧಾರಾಳವಾಗಿವೆ. ಕಂಪನಿಯ ಹೆಸರು ಒಂದೇ ಇರುತ್ತದೆ, ಬಾಲಕ್ಕೆ 'ಡಿ' ಎಂದೋ 'ಡಿಎಕ್ಸ್' ಎಂದೋ ಒಂದೆರಡು ಅಕ್ಷರ ಅಂಟಿಕೊಂಡಿರುತ್ತದೆ. ಆ ಬಾಲದಲ್ಲೇ ಸ್ಟಿರಾಯ್ಡ್ ಕುಳಿತಿರುವುದು ಹೆಚ್ಚು. ಆದ್ದರಿಂದ ದೊಡ್ಡ ಅಕ್ಷರದ ಹೆಸರನ್ನು ನಂಬಬೇಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಮದ್ದಿನ ಹೆಸರನ್ನು ಓದಿ. ಕಣ್ಣು ಮಂಜಾಗಿದ್ದರೆ ಮಕ್ಕಳ ಕೈಯಲ್ಲಿ ಓದಿಸಿ.

ಸ್ಟಿರಾಯ್ಡ್ ಕೆಟ್ಟ ಮದ್ದೇ?

ಖಂಡಿತ ಅಲ್ಲ. ಪೊರೆಯ ಆಪರೇಷನ್ ಆದ ಮೇಲೆ, ಕಣ್ಣಿನೊಳಗೆ ಉರಿಯೂತವಾದಾಗ, ಮಕ್ಕಳಿಗೆ ಬರುವ ತೀವ್ರ ಅಲರ್ಜಿಯಲ್ಲಿ ಅದು ಕಣ್ಣನ್ನು ಉಳಿಸುತ್ತದೆ. ಆದರೆ ಯಾರಿಗೆ, ಎಷ್ಟು, ಎಷ್ಟು ದಿನ ಎಂದು ಗೊತ್ತಿಲ್ಲದೆ ಹಾಕಿಕೊಂಡರೆ ಮೂರು ಕಡೆಯಿಂದ ತೊಂದರೆ ಬರಬಹುದು.

ಮೊದಲನೆಯದು ಸೋಂಕು. ಹರ್ಪೀಸ್ ಎಂಬ ವೈರಸ್ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ, ತಗಲಿದರೂ ಕಣ್ಣು ಕೆಂಪಾಗುತ್ತದೆ. ಊರಿನಲ್ಲಿ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ಕಣ್ಣಿಗೆ ತಾಗಿ ಬೂಷ್ಟಿನ ಸೋಂಕು ಬಂದರೂ ಹಾಗೆಯೇ. ಇಂಥ ಕಣ್ಣಿಗೆ ಸ್ಟಿರಾಯ್ಡ್ ಹಾಕಿದರೆ ದೇಹದ ಕಾವಲು ಸಡಿಲವಾಗುತ್ತದೆ. ಹೊರಗೆ ಕೆಂಪು ಇಳಿದು ಹಿತವೆನಿಸುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ಹಾಗಾಗಿ ಊರಿನಿಂದ ಫೋನು ಬಂದಾಗ ಇಲ್ಲಿಂದ ಡ್ರಾಪ್ಸ್ ಹೆಸರು ಹೇಳುವ ಉಪಕಾರ ಮಾಡಬೇಡಿ. "ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ" ಎನ್ನಿ.

ಎರಡನೆಯದು ಕಣ್ಣಿನ ಒತ್ತಡ. ಕೆಲವು ವಾರ ಸತತವಾಗಿ ಸ್ಟಿರಾಯ್ಡ್ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒಳಗಿನ ಒತ್ತಡ ಅಷ್ಟಿಷ್ಟು ಏರುತ್ತದೆ. ನೂರಕ್ಕೆ ಐದಾರು ಮಂದಿಗೆ ಬಹಳ ಏರುತ್ತದೆ. ನೋವಿಲ್ಲ, ಕೆಂಪಿಲ್ಲ. ಆದರೆ ಕಣ್ಣಿನ ನರ ಸವೆಯುತ್ತಾ ಹೋಗುತ್ತದೆ. ಇದೇ ಗ್ಲಾಕೋಮಾ, ಇಲ್ಲಿಯವರು ಹೇಳುವ 'ಕಾಚಬಿಂದು'. ಹೋದ ದೃಷ್ಟಿಯನ್ನು ಯಾವ ಆಪರೇಷನ್ನೂ ಮರಳಿ ತರುವುದಿಲ್ಲ. ಬೇಸಿಗೆ ಬಂದಾಗಲೆಲ್ಲ ಕಣ್ಣು ತುರಿಸುವ ಮಕ್ಕಳ ತಂದೆತಾಯಿ ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಬಾಟಲಿ ತರುವ ಮನೆಗಳಲ್ಲಿ ಮಗುವಿನ ಕಣ್ಣಿನ ಒತ್ತಡವನ್ನು ಯಾರೂ ಅಳೆದಿರುವುದಿಲ್ಲ.

ಮೂರನೆಯದು ಪೊರೆ. ಬಹುಕಾಲ ಸ್ಟಿರಾಯ್ಡ್ ಬಳಸಿದರೆ ಸಣ್ಣ ವಯಸ್ಸಿನಲ್ಲೇ ಮೋತಿಬಿಂದು ಬರಬಹುದು. ಇದಕ್ಕಾದರೂ ಆಪರೇಷನ್ ಇದೆ.

ಹಾಗಾದರೆ ಆಂಟಿಬಯಾಟಿಕ್ ಹಾಕಬಹುದಲ್ಲ?

ಮಳೆಗಾಲದಲ್ಲಿ ಊರಿಗೆ ಊರೇ ಹಬ್ಬುವ ಕೆಂಗಣ್ಣಿಗೆ ಹೆಚ್ಚಾಗಿ ವೈರಸ್ ಕಾರಣ. 1971ರಲ್ಲಿ ಅಂದಿನ ಬೊಂಬಾಯಿಯಲ್ಲಿ ಹಬ್ಬಿದ ಕೆಂಗಣ್ಣಿಗೂ ವೈರಸ್ಸೇ ಕಾರಣವಾಗಿತ್ತು. ವೈರಸ್ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಸಾಮಾನ್ಯ ಕೆಂಗಣ್ಣು ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ತಣ್ಣೀರಿನ ಬಟ್ಟೆ, ಬೇರೆ ಟವೆಲ್, ಪದೇ ಪದೇ ಕೈ ತೊಳೆಯುವುದು, ಇಷ್ಟೇ ಉಪಚಾರ. ಹೋಟೆಲಿನ ಕೋಣೆಗಳಲ್ಲಿ ಹತ್ತಾರು ಹುಡುಗರು ಒಟ್ಟಿಗೆ ಇರುವಲ್ಲಿ ಒಂದೇ ಬಾಟಲಿಯಿಂದ ಎಲ್ಲರೂ ಹಾಕಿಕೊಂಡರೆ ಆ ಬಾಟಲಿಯೇ ರೋಗ ಹಂಚುತ್ತದೆ. ಗಟ್ಟಿ ಕೀವು ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಆಗ ಆಂಟಿಬಯಾಟಿಕ್ ಬೇಕೇ ಎಂದು ಡಾಕ್ಟರು ನಿರ್ಧರಿಸಲಿ.

ಕಾನೂನು ಏನೆನ್ನುತ್ತದೆ?

1945ರ ಔಷಧ ನಿಯಮಗಳ 'ಎಚ್' ಪಟ್ಟಿಯಲ್ಲಿರುವ ಮದ್ದನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟಿರಾಯ್ಡ್ ಈ ಪಟ್ಟಿಯಲ್ಲಿದೆ. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚಿನಿಂದ ಜಾರಿಯಾದ 'ಎಚ್1' ಪಟ್ಟಿ ಇನ್ನೂ ಬಿಗಿ; ಮಾಕ್ಸಿಫ್ಲಾಕ್ಸಾಸಿನ್ ಅದರಲ್ಲಿದೆ. ಆ ಮದ್ದು ಮಾರಿದಾಗ ಡಾಕ್ಟರ, ರೋಗಿಯ ಹೆಸರನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮಹಾರಾಷ್ಟ್ರದಲ್ಲಿ ಇದರ ಉಸ್ತುವಾರಿ ನೋಡುವ ಅನ್ನ ಮತ್ತು ಔಷಧ ಆಡಳಿತದ ಮುಖ್ಯ ಕಚೇರಿ ನಮ್ಮ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲೇ ಇದೆ. ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಅವರು ನಿಮ್ಮ ಕಣ್ಣು ಕಾಯುತ್ತಿದ್ದಾರೆ!

ಡಾಕ್ಟರು ಬರೆದುಕೊಟ್ಟ ಮೇಲೆ

* ಕೈ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆಯಿರಿ. ಹಾಲಿನಂತೆ ಬಿಳಿಯಾಗಿರುವ ಡ್ರಾಪ್ಸ್ ಆದರೆ ಚೆನ್ನಾಗಿ ಅಲುಗಾಡಿಸಿ.
* ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಡಿ. ಕಣ್ಣಿನಲ್ಲಿ ಎರಡನೇ ಹನಿಗೆ ಜಾಗವಿಲ್ಲ, ಕೆನ್ನೆಗೆ ಇಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು.
* ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಮದ್ದು ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ.
* ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಮುಲಾಮು ಕೊನೆಗೆ.
* ಆಂಟಿಬಯಾಟಿಕ್ಕನ್ನು ಹೇಳಿದಷ್ಟು ದಿನ ಹಾಕಿ. ಹೆಚ್ಚು ದಿನ ಹಾಕುತ್ತಿದ್ದ ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸಬೇಡಿ. ದಿನಕ್ಕೆ ನಾಲ್ಕು ಸಲ, ಮೂರು, ಎರಡು, ಒಂದು ಎಂದು ಡಾಕ್ಟರು ಇಳಿಸಿ ಬರೆದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.
* ಬಾಟಲಿ ತೆರೆದ ತಾರೀಖನ್ನು ಅದರ ಮೇಲೇ ಬರೆಯಿರಿ. ಬಾಟಲಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ನಾಲ್ಕು ವಾರವಾದ ಮೇಲೆ, ಅರ್ಧ ಉಳಿದಿದ್ದರೂ ಎಸೆಯಿರಿ.

ನೋವು ಜೋರಾಗಿದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕಣ್ಣಿಗೆ ಏನಾದರೂ ತಾಗಿದ್ದರೆ, ನೀವು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ ಕಾಯಬೇಡಿ, ಅದೇ ದಿನ ತೋರಿಸಿ. ಎಳೆಗೂಸಿನ ಕಣ್ಣಾದರಂತೂ ತಡ ಮಾಡಲೇಬಾರದು. ದುಡ್ಡಿನ ಚಿಂತೆಯಿದ್ದರೆ ಬಾಂದ್ರಾ ಪಶ್ಚಿಮದಲ್ಲಿ ಪಾಲಿಕೆಯ ಭಾಭಾ ಆಸ್ಪತ್ರೆ ಇದೆ. ಬೆಳಗ್ಗೆ ಹೋಗಿ ಕೇಸ್ ಪೇಪರ್ ಮಾಡಿಸಿ. ಹಾಕುತ್ತಿದ್ದ ಬಾಟಲಿಯನ್ನೂ ಜತೆಗೆ ಒಯ್ಯಿರಿ. ಅದನ್ನು ನೋಡಿದರೆ ಡಾಕ್ಟರಿಗೆ ಅರ್ಧ ಕಥೆ ತಿಳಿಯುತ್ತದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಫ್ರಿಜ್ಜಿನ ಬಾಗಿಲಲ್ಲಿ, ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಇರುವ ಹಳೆಯ ಡ್ರಾಪ್ಸ್ ಬಾಟಲಿಗಳನ್ನೆಲ್ಲ ಹೊರಗೆ ತೆಗೆಯಿರಿ. ಈಗ ಯಾರೂ ಹಾಕುತ್ತಿಲ್ಲದ್ದು, ತೆರೆದು ತಿಂಗಳು ದಾಟಿದ್ದು ಎಲ್ಲವೂ ಕಸದ ಬುಟ್ಟಿಗೆ ಹೋಗಲಿ.